ಆರು ವರ್ಷ ಫಿಲ್ಟರ್ ನೀರು ಕುಡಿದೆವು

ನಮ್ಮ ಅಡುಗೆಮನೆ ಕಟ್ಟೆ ಮೇಲೆ ಆರು ವರ್ಷ ಒಂದು ಫಿಲ್ಟರ್ ಕೂತಿತ್ತು. ಪ್ಲಾಸ್ಟಿಕ್‌ನದು, ಎರಡು ಅಂತಸ್ತಿನದು, ಕರೆಂಟ್ ಬೇಡದ್ದು. ಮೇಲಿನ ಡಬ್ಬಿಗೆ ಬೋರಿನ ನೀರು ಸುರಿದರೆ ಕೆಳಗಿನ ಸಣ್ಣ ನಲ್ಲಿಯಲ್ಲಿ ತಿಳಿ ನೀರು ಬರುತ್ತಿತ್ತು. ಮನೆಗೆ ಯಾರೇ ಬಂದರೂ "ಕುಡೀರಿ, ಫಿಲ್ಟರ್ ನೀರದ" ಅಂತ ಹೇಳಿಯೇ ಲೋಟ ಕೊಡುತ್ತಿದ್ದೆವು. ಹಾಗೆ ಹೇಳುವಾಗ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು.

ಹೋದ ಬೇಸಿಗೆಯಲ್ಲಿ ಮಗಳ ದವಡೆ ಹಲ್ಲು ನೋವೆಂದು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವಳಿಗೆ 9 ವರ್ಷ. ಡಾಕ್ಟರು ದವಡೆ ಹಲ್ಲು ನೋಡಿದ್ದು ಎರಡು ನಿಮಿಷ, ಮುಂದಿನ ಹಲ್ಲು ನೋಡಿದ್ದು ಐದು ನಿಮಿಷ. ಮುಂದಿನ ಹಲ್ಲುಗಳ ಮೇಲೆ ಸುಣ್ಣದ ಗೆರೆ ಎಳೆದ ಹಾಗೆ ಬಿಳಿ ಪಟ್ಟಿಗಳಿದ್ದವು, ಒಂದೆರಡು ಕಡೆ ಹಳದಿ ಕಲೆ. ನಾವು ಅದನ್ನು ಸರಿಯಾಗಿ ಉಜ್ಜದ ಕೊಳೆ ಅಂದುಕೊಂಡಿದ್ದೆವು. ದಿನಾ ಬೆಳಿಗ್ಗೆ ಆ ಹುಡುಗಿಗೆ ಅದಕ್ಕಾಗಿ ಬೈಗುಳ ಬೇರೆ.

"ಯಾವ ನೀರು ಕುಡೀತೀರಿ?"

"ಫಿಲ್ಟರ್ ನೀರು ಸರ."

"ಫಿಲ್ಟರಿಗೆ ಯಾವ ನೀರು ಹಾಕ್ತೀರಿ?"

"ಬೋರಿಂದು."

"ಹಂಗಾದ್ರ ಬೋರಿನ ನೀರೇ ಕುಡೀಲಿಕತ್ತೀರಿ ಅನ್ರಿ. ಇದು ಫ್ಲೋರೈಡ್ ಕಲೆ. ಉಜ್ಜಿದ್ರ ಹೋಗೂದಲ್ಲ. ನಿಮ್ಮ ಫಿಲ್ಟರಿಗೆ ಫ್ಲೋರೈಡ್ ಅಂದ್ರ ಏನಂತ ಗೊತ್ತೇ ಇಲ್ಲ."

ಗಾಡಿ ಮೇಲೆ ಮನೆಗೆ ಬರುವಾಗ ನಾವ್ಯಾರೂ ಮಾತಾಡಲಿಲ್ಲ. ನಾಚಿಕೆಯಾಗಿತ್ತು. ಯಾಕೆಂದರೆ ನಾವು ಯಾದಗಿರಿ, ಶಹಾಪುರ, ಸುರಪುರ ಸುತ್ತಿ ನೀರಿನ ಸುದ್ದಿ ಬರೆಯುವವರು. ಫ್ಲೋರೈಡ್ ಊರುಗಳ ಬಗ್ಗೆ ಬರೆದಿದ್ದೇವೆ, ಕೆಟ್ಟು ನಿಂತ ಶುದ್ಧ ನೀರಿನ ಘಟಕಗಳ ಫೋಟೊ ಕಳಿಸಿದ್ದೇವೆ. "ಅಧಿಕಾರಿಗಳು ನೀರು ಪರೀಕ್ಷೆ ಮಾಡಿಸಲಿ" ಅನ್ನುವ ಸಾಲು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ನಮ್ಮ ಮನೆಯ ನೀರನ್ನು ಮಾತ್ರ ಒಂದು ಸಲವೂ ಪರೀಕ್ಷೆ ಮಾಡಿಸಿರಲಿಲ್ಲ.

ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಹೆಸರು ನಮ್ಮ ಭಾಗದವರಿಗೆ ಹೊಸದಲ್ಲ. ಮಂಗಳೂರು ಎಂಬ ಊರಿನ ಹತ್ತಿರದ ಹಳೆಯ ಚಿನ್ನದ ಗಣಿ ಪ್ರದೇಶ ಅದು (ಕರಾವಳಿಯ ಮಂಗಳೂರಲ್ಲ, ನಮ್ಮ ಸುರಪುರದ್ದು). ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಜೊತೆಗಾರರು ಇಲ್ಲಿಯ ನೀರು, ಮಣ್ಣು, ಜನರ ಕೂದಲು, ಉಗುರು ಎಲ್ಲ ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. 59 ಕೊಳವೆಬಾವಿಗಳಲ್ಲಿ ನೂರಕ್ಕೆ 79ರಲ್ಲಿ ಆರ್ಸೆನಿಕ್ ಮಿತಿಗಿಂತ ಹೆಚ್ಚು ಇತ್ತು. ಮಿತಿ ಅಂದರೆ ಲೀಟರಿಗೆ 10 ಮೈಕ್ರೊಗ್ರಾಂ. ಅಲ್ಲಿ ಸಿಕ್ಕ ಅತಿ ಹೆಚ್ಚು 303. ಪರೀಕ್ಷೆಗೆ ಬಂದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಚರ್ಮದ ಮೇಲೆ ಆರ್ಸೆನಿಕ್‌ನ ಗುರುತುಗಳಿದ್ದವು.

ಆರ್ಸೆನಿಕ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಫ್ಲೋರೈಡ್‌ಗೂ ಇಲ್ಲ. ನಮ್ಮ ಹಿರಿಯರು ನೀರು ಒಳ್ಳೆಯದೋ ಕೆಟ್ಟದ್ದೋ ಅಂತ ನೋಡುತ್ತಿದ್ದದ್ದು ಬೇಳೆ ಬೇಯಿಸಿ. ಬೇಳೆ ಕರಗಿದರೆ ಸಿಹಿ ನೀರು, ಕರಗದಿದ್ದರೆ ಸವಳು ನೀರು. ಆ ಪರೀಕ್ಷೆಯಲ್ಲಿ ನೀರಿನ ಗಡಸುತನ ಗೊತ್ತಾಗುತ್ತದೆ, ಸುಳ್ಳಲ್ಲ. ಆದರೆ ಬೇಳೆ ಚೆನ್ನಾಗಿ ಬೆಂದ ನೀರಿನಲ್ಲೂ ಫ್ಲೋರೈಡ್ ಇರಬಹುದು. ಕುದಿಸಿದರೆ ಹೋಗುತ್ತದೆ ಅಂತಲೂ ಕೆಲವರು ಅಂದುಕೊಂಡಿದ್ದಾರೆ. ಕುದಿಸಿದಾಗ ಸಾಯುವುದು ರೋಗಾಣು. ಫ್ಲೋರೈಡ್, ಆರ್ಸೆನಿಕ್ ಪಾತ್ರೆಯಲ್ಲೇ ಉಳಿಯುತ್ತವೆ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅವು ಇನ್ನಷ್ಟು ದಟ್ಟವಾಗುತ್ತವೆ.

ಡಾಕ್ಟರ ಹತ್ತಿರ ಹೋಗಿ ಬಂದ ಮರುವಾರ ಎರಡು ಲೀಟರ್ ಬಾಟಲಿ ತೊಳೆದು, ಅದೇ ನೀರಿನಿಂದ ಮೂರು ಸಲ ಗಲಬರಿಸಿ, ಒಂದರಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ನಮ್ಮ ಫಿಲ್ಟರ್ ನೀರು ತುಂಬಿದೆವು. ಮೇಲೆ ಚೀಟಿ ಅಂಟಿಸಿ ಪ್ರಯೋಗಾಲಯಕ್ಕೆ ಕೊಟ್ಟೆವು. ಬಾಟಲಿ ಪ್ಲಾಸ್ಟಿಕ್‌ನದೇ ಇರಲಿ, ಫ್ಲೋರೈಡ್ ಪರೀಕ್ಷೆಗೆ ಗಾಜಿನದು ಬೇಡ. ರೋಗಾಣು ಪರೀಕ್ಷೆ ಬೇಕಿದ್ದರೆ ಪ್ರಯೋಗಾಲಯದವರೇ ಬೇರೆ ಬಾಟಲಿ ಕೊಡುತ್ತಾರೆ, ಅದನ್ನು ಅವತ್ತೇ ಮುಟ್ಟಿಸಬೇಕು.

ವರದಿ ಬಂತು. ಬೋರಿನ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 2.1 ಮಿಲಿಗ್ರಾಂ. ಫಿಲ್ಟರ್ ನೀರಿನಲ್ಲಿ 2.1 ಮಿಲಿಗ್ರಾಂ.

ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದೆವು. ಭಾರತೀಯ ಮಾನಕ ಸಂಸ್ಥೆಯ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟ್ ಮಿತಿ 45, ನಮ್ಮದು 60. ಟಿಡಿಎಸ್ 890. ಆರ್ಸೆನಿಕ್ ಕಾಣಲಿಲ್ಲ, ಅಷ್ಟೇ ಸಮಾಧಾನ.

ಹಳ್ಳಿಯಲ್ಲಿರುವವರು ಪ್ರಯೋಗಾಲಯದವರೆಗೆ ಬರುವ ಮೊದಲು ಗ್ರಾಮ ಪಂಚಾಯಿತಿಗೆ ಹೋಗಿ ನೀರು ಪರೀಕ್ಷೆಯ ಕಿಟ್ ಕೇಳಿ ನೋಡಿ. ಜಲ ಜೀವನ್ ಮಿಷನ್‌ನಲ್ಲಿ ಕಿಟ್ ಕೊಟ್ಟು ಊರಿನ ಹೆಣ್ಣುಮಕ್ಕಳಿಗೆ ಅದರ ತರಬೇತಿಯನ್ನೂ ಕೊಡುತ್ತಾರೆ. ನೀರಿಗೆ ಔಷಧಿ ಹನಿ ಹಾಕಿ ಬಣ್ಣ ಹೋಲಿಸಿ ನೋಡುವುದು, ಅಷ್ಟೇ. ಖಚಿತ ಅಂಕಿ ಸಿಗದಿದ್ದರೂ ಫ್ಲೋರೈಡ್, ನೈಟ್ರೇಟ್ ಹೆಚ್ಚಿದೆಯೋ ಇಲ್ಲವೋ ತಿಳಿಯುತ್ತದೆ. ಆರ್ಸೆನಿಕ್ ಪರೀಕ್ಷೆ ಎಲ್ಲ ಕಿಟ್‌ನಲ್ಲೂ ಇರುವುದಿಲ್ಲ. ಹಳೆಯ ಗಣಿ ಸೀಮೆಯವರು ಅದನ್ನು ಹೆಸರು ಹೇಳಿಯೇ ಕೇಳಬೇಕು.

ಇನ್ನು ಹಳೆಯ ಫಿಲ್ಟರಿಗೆ ನ್ಯಾಯ ಹೇಳಬೇಕಲ್ಲ. ತಪ್ಪು ಅದರದ್ದಲ್ಲ. ಅಂಥ ಫಿಲ್ಟರುಗಳು ಮಣ್ಣು, ರಾಡಿ, ರೋಗಾಣು ತಡೆಯಲಿಕ್ಕೆ ಮಾಡಿದವು. ಕರಗಿದ್ದನ್ನು ಅವು ತಡೆಯುವುದಿಲ್ಲ. ಸಕ್ಕರೆ ಕರಗಿದ ನೀರನ್ನು ಬಟ್ಟೆಯಲ್ಲಿ ಸೋಸಿದರೆ ಸಿಹಿ ಹೋಗುತ್ತದೆಯೇ? ಅದೇ ಲೆಕ್ಕ. ಡಬ್ಬಿಯ ಮೇಲೆ ಕಂಪನಿಯವರು ಏನೇನು ತೆಗೆಯುತ್ತದೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಅದರಲ್ಲಿ ಫ್ಲೋರೈಡ್ ಅನ್ನುವ ಮಾತೇ ಇರಲಿಲ್ಲ. ಓದದೇ ಇದ್ದದ್ದು ನಾವು. ಅದೇ ಡಬ್ಬಿಯಲ್ಲಿ ಇನ್ನೊಂದು ಸಾಲಿತ್ತು: ಒಳಗಿನ ಕಾರ್ಟ್ರಿಜ್ 1500 ಲೀಟರಿಗೆ ಬದಲಿಸಬೇಕು. ದಿನಕ್ಕೆ 12 ಲೀಟರ್ ಹಿಡಿದರೆ ನಾಲ್ಕು ತಿಂಗಳು. ನಾವು ಒಂದೂವರೆ ವರ್ಷಕ್ಕೊಮ್ಮೆ ಬದಲಿಸುತ್ತಿದ್ದೆವು. ಅಂದರೆ ರೋಗಾಣು ವಿಷಯದಲ್ಲೂ ಅದು ಬಹುಪಾಲು ದಿನ ಬರೀ ನೀರು ತುಂಬಿಡುವ ಡಬ್ಬಿಯೇ ಆಗಿತ್ತು.

ಹೊಸದು ನೋಡಲು ಹೊರಟೆವು. ಫೋನಿನಲ್ಲಿ ಒಂದೇ ಒಂದು ಸಲ ಬೆಲೆ ಕೇಳಿದ್ದಕ್ಕೆ ಮರುದಿನವೇ ಒಬ್ಬ ಹುಡುಗ ಬ್ಯಾಗು ಹಾಕಿಕೊಂಡು ಮನೆಗೆ ಬಂದ. ಮಾತು ಚೆನ್ನಾಗಿತ್ತು. ಎರಡು ಗಾಜಿನ ಲೋಟ ಇಟ್ಟ. ಒಂದಕ್ಕೆ ನಮ್ಮ ಬೋರಿನ ನೀರು, ಇನ್ನೊಂದಕ್ಕೆ ತನ್ನ ಬಾಟಲಿಯ ಆರ್‌ಒ ನೀರು. ಎರಡರಲ್ಲೂ ಲೋಹದ ಕಡ್ಡಿಗಳಿರುವ ಒಂದು ಯಂತ್ರ ಅದ್ದಿ ಕರೆಂಟ್ ಹಾಕಿದ. ಒಂದು ನಿಮಿಷದಲ್ಲಿ ನಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ ಮೇಲೆ ನೊರೆ, ಗಸಿ ಬಂತು. ಅವನ ನೀರು ಹಾಗೇ ಇತ್ತು.

"ನೋಡ್ರಿ ಅಕ್ಕಾರ, ಇಷ್ಟು ವರ್ಷ ಮಕ್ಕಳಿಗೆ ಇದನ್ನ ಕುಡಿಸೀರಿ" ಅಂದ.

ಮೊದಲೇ ನೊಂದ ಮನೆ. ಅವ್ವ ಊರಿಂದ ಬಂದಿದ್ದಳು, "ಅಯ್ಯ ಶಿವನೇ" ಅಂತ ಬಾಯಿಗೆ ಸೆರಗು ಹಿಡಿದಳು. ನಾವೂ ಸಹಿ ಹಾಕಲು ಪೆನ್ನು ಹುಡುಕುತ್ತಿದ್ದೆವು. ನಮ್ಮ ಮನೆಯವರು ಪಿಯುಸಿಯಲ್ಲಿ ವಿಜ್ಞಾನ ಓದಿದವರು. ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದರು.

"ನಿಮ್ಮ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಇನ್ನೊಮ್ಮೆ ಮಾಡ್ರಿ ತಮ್ಮಾ."

"ಯಾಕ್ರೀ ಅಕ್ಕಾರ, ಅದೆಲ್ಲ ಬ್ಯಾಡ."

"ಅಡಿಗಿ ಉಪ್ಪೇ ಅದ, ದಿನಾ ತಿನ್ನೂದು. ಹಾಕ್ರಿ."

ಹಾಕಿದರು. ಕರೆಂಟ್ ಹಾಕಿದ ಮೇಲೆ ಅವನ ನೀರೂ ಕಂದಾಯಿತು, ನಮ್ಮದಕ್ಕಿಂತ ಜಾಸ್ತಿಯೇ. ಆ ಬಣ್ಣ ನೀರಿನೊಳಗಿನ ಕೊಳೆಯಲ್ಲ. ಉಪ್ಪಿನಂಶ ಇರುವ ನೀರಿನಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ, ಆಗ ಆ ಯಂತ್ರದ ಕಬ್ಬಿಣದ ಕಡ್ಡಿಯೇ ಸವೆದು ತುಕ್ಕು ನೀರಿಗೆ ಬಿಡುತ್ತದೆ. ಆರ್‌ಒ ನೀರಿನಲ್ಲಿ ಉಪ್ಪಿನಂಶ ಕಡಿಮೆ, ಕರೆಂಟ್ ಹರಿಯುವುದಿಲ್ಲ, ಕಡ್ಡಿ ಸವೆಯುವುದಿಲ್ಲ. ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ಅವನಿಗೂ ಕಲಿಸಿ ಕಳಿಸಿದ್ದು ಅಷ್ಟೇ. ಚಹಾ ಕುಡಿದು ಹೋದ. ಆದರೆ ಈ ಆಟ ನಿಮ್ಮ ಮನೆಗೂ ಬರುತ್ತದೆ, ಉಪ್ಪಿನ ಡಬ್ಬಿ ಹತ್ತಿರವೇ ಇಟ್ಟುಕೊಳ್ಳಿ.

ಟಿಡಿಎಸ್ ಮೀಟರ್ ಅಂತ ಪೆನ್ನಿನ ಹಾಗಿರುವ ಇನ್ನೊಂದು ಯಂತ್ರ ತೋರಿಸುತ್ತಾರಲ್ಲ, ಅದು ಮೋಸವಲ್ಲ. ಆದರೆ ಅದು ಹೇಳುವುದು ನೀರಿನಲ್ಲಿ ಕರಗಿದ ಉಪ್ಪುಗಳ ಒಟ್ಟು ಲೆಕ್ಕ ಮಾತ್ರ. ಯಾವ ಉಪ್ಪು ಅಂತ ಹೇಳುವುದಿಲ್ಲ. ಸಂತೆಚೀಲದ ತೂಕ ಹೇಳಿದ ಹಾಗೆ. ಒಳಗೆ ಬದನೆಕಾಯಿ ಇದೆಯೋ ಕಲ್ಲಿದೆಯೋ ತಕ್ಕಡಿಗೆ ಗೊತ್ತಿಲ್ಲ. ಟಿಡಿಎಸ್ 300 ಇದ್ದ ನೀರಿನಲ್ಲೂ ಕೆಡುಕಾಗುವಷ್ಟು ಆರ್ಸೆನಿಕ್ ಇರಬಹುದು, ಯಾಕೆಂದರೆ ಆರ್ಸೆನಿಕ್‌ನ ಲೆಕ್ಕ ಮಿಲಿಗ್ರಾಂನ ಸಾವಿರದ ಭಾಗದಲ್ಲಿ. ಆ ಪೆನ್ನಿಗೆ ಅದು ಕಾಣುವುದೇ ಇಲ್ಲ.

ಕೊನೆಗೆ ನಮ್ಮ ಮುಂದೆ ಉಳಿದದ್ದು ಎರಡು ದಾರಿ. ಹತ್ತಿರದ ಶುದ್ಧ ನೀರಿನ ಘಟಕದಿಂದ ದಿನಾ 20 ಲೀಟರ್ ಕ್ಯಾನ್ ತರುವುದು, ಇಲ್ಲವೇ ಮನೆಯಲ್ಲಿ ಆರ್‌ಒ ಇಡುವುದು. ಘಟಕದ ನೀರು 5 ರೂಪಾಯಿಗೆ 20 ಲೀಟರ್, ಅದೂ ಆರ್‌ಒ ನೀರೇ. ಘಟಕ ದಿನಾ ನಡೆಯುತ್ತಿದ್ದರೆ, ಒಳಗಿನ ಪೊರೆ ಯಾವಾಗ ಬದಲಿಸಿದ್ದು ಅಂತ ಕೇಳಿದರೆ ಉತ್ತರ ಸಿಗುತ್ತಿದ್ದರೆ, ಕ್ಯಾನಿನ ಒಳಗೆ ಹಸಿರು ಪಾಚಿ ಕಟ್ಟದಂತೆ ತೊಳೆದುಕೊಳ್ಳುತ್ತಿದ್ದರೆ ಅದಕ್ಕಿಂತ ಅಗ್ಗದ್ದು ಇಲ್ಲ. ನಮ್ಮ ಘಟಕ ತಿಂಗಳಲ್ಲಿ ಹತ್ತು ದಿನ ಬಂದ್. ಆ ಹತ್ತು ದಿನ ಮತ್ತೆ ಬೋರಿನ ನೀರೇ ಕುಡಿಯಬೇಕು. ಹಾಗಾಗಿ ಆರ್‌ಒ.

ಬಾಡಿಗೆ ಮನೆ, ಗೋಡೆಗೆ ತೂತು ಹಾಕಿದರೆ ಮಾಲೀಕರ ಮುಖ ಊದುತ್ತದೆ. ಕಟ್ಟೆ ಮೇಲೆ ಇಡುವ, ಸಣ್ಣ ಪೈಪಿನಿಂದ ನಲ್ಲಿಗೆ ಸಿಕ್ಕಿಸುವ ಯಂತ್ರ ತಂದೆವು. 11,500 ರೂಪಾಯಿ. ಒಂದು ಸುದ್ದಿಗೆ ಇಷ್ಟು ಅಂತ ದುಡ್ಡು ಬರುವ ನಮ್ಮಂಥವರಿಗೆ ಅದು ಎಷ್ಟು ಸುದ್ದಿ ಅಂತ ಲೆಕ್ಕ ಹಾಕಲಿಲ್ಲ. ಕೊಳ್ಳುವ ಮೊದಲು ಒಂದೇ ಪ್ರಶ್ನೆ ಒತ್ತಿ ಕೇಳಿದ್ದೆವು: ವರ್ಷಕ್ಕೆ ಒಳಗಿನದ್ದೆಲ್ಲ ಬದಲಿಸಲು ಎಷ್ಟು, ಆ ಸಾಮಾನು ಶಹಾಪುರದಲ್ಲೇ ಸಿಗುತ್ತದೆಯೋ ಇಲ್ಲವೋ. ಸುಮಾರು 3,500 ಅಂದರು. ದಿನಕ್ಕೆ 20 ಲೀಟರ್ ಬಳಸಿದರೆ ಲೀಟರಿಗೆ 48 ಪೈಸೆ, ಕರೆಂಟ್ ಬೇರೆ. ಘಟಕದ ನೀರಿನ ಎರಡು ಪಟ್ಟು.

ಕೂರಿಸಲು ಬಂದ ಮೆಕ್ಯಾನಿಕ್ ಹಿಂದೆ ಒಂದು ಸಣ್ಣ ಸ್ಕ್ರೂ ತಿರುಗಿಸುತ್ತಿದ್ದ. ಏನದು ಅಂದರೆ "ರುಚಿ ಬರ್ಲಿ ಅಂತ ರೀ, ಇಲ್ಲಾಂದ್ರ ನೀರು ಸಪ್ಪಗಾಗ್ತದ" ಅಂದ. ಹೆಚ್ಚು ಜನ ಗಮನಿಸದ ಜಾಗ ಇದೇ. ಆ ಸ್ಕ್ರೂ ತೆರೆದರೆ ಪೊರೆ ದಾಟದ ಬೋರಿನ ನೀರು ಸ್ವಲ್ಪ ಸ್ವಲ್ಪವಾಗಿ ಶುದ್ಧ ನೀರಿಗೆ ಸೇರುತ್ತದೆ. ಸ್ಕ್ರೂ ಮುಚ್ಚಿದಾಗ ನಮ್ಮ ಯಂತ್ರದ ನೀರಿನ ಟಿಡಿಎಸ್ 60. ಅವನು ತೆರೆದಾಗ 250. ಕೂತು ಲೆಕ್ಕ ಹಾಕಿದೆವು, ಹೆಚ್ಚುಕಡಿಮೆ ಕಾಲು ಭಾಗ ಬೋರಿನ ನೀರು ಬೆರೆತ ಹಾಗಾಯಿತು. ನಮ್ಮ 2.1 ಫ್ಲೋರೈಡ್‌ಗೆ ಹಾಗೆ ಬೆರೆತರೂ 1ರ ಒಳಗೇ ಉಳಿಯುತ್ತದೆ, ನಿಜ. ಆದರೆ 303 ಮೈಕ್ರೊಗ್ರಾಂ ಆರ್ಸೆನಿಕ್ ಇರುವ ಬೋರಿಗೆ ಇದೇ ಯಂತ್ರ, ಇದೇ ಸ್ಕ್ರೂ ಇಟ್ಟರೆ ಲೋಟಕ್ಕೆ ಬರುವುದು ಮಿತಿಯ ಏಳು ಪಟ್ಟು. ಯಂತ್ರ ಇದೆ ಅನ್ನುವ ಧೈರ್ಯ ಬೇರೆ. ನಾವು ಸ್ಕ್ರೂ ಮುಚ್ಚಿಸಿದೆವು. ಹದಿನೈದು ದಿನ ಬಿಟ್ಟು ಮತ್ತೆ ಬಾಟಲಿ ತುಂಬಿ ಕೊಟ್ಟು ಬಂದೆವು. ಫ್ಲೋರೈಡ್ 0.2. ಈಗ ಆರು ತಿಂಗಳಿಗೊಮ್ಮೆ ಬಾಟಲಿ ಹೋಗುತ್ತದೆ. ಪೊರೆ ಹಳತಾದರೆ ನೀರು ನೋಡಲಿಕ್ಕೆ ಹಾಗೇ ಇರುತ್ತದೆ, ಅಂಕಿ ಮಾತ್ರ ಏರುತ್ತದೆ.

ಸಪ್ಪಗೆ ಅನ್ನುವುದು ಸುಳ್ಳಲ್ಲ. ಅವ್ವ ಮೊದಲ ಲೋಟ ಕುಡಿದು "ಇದೇನು ಮಳಿ ನೀರು ಇದ್ದಂಗದ" ಅಂದಳು. ಎರಡನೇ ದಿನದಿಂದ ಬೇಳೆ ಬೇಗ ಬೇಯುತ್ತದೆ ಅಂತ ಖುಷಿಪಟ್ಟಳು.

ಕುಡಿಯಲು ಮಾತ್ರ ಆರ್‌ಒ, ಅಡುಗೆಗೆ ಬೋರು ಅಂತ ಮೊದಲ ವಾರ ಮಾಡಿದ್ದೆವು. ಅದೂ ತಪ್ಪು. ಅನ್ನ, ಬೇಳೆ, ಚಹಾ, ರೊಟ್ಟಿ ಹಿಟ್ಟಿಗೆ ಹಾಕುವ ಎಸರು, ಎಲ್ಲದರಲ್ಲೂ ಹೊಟ್ಟೆಗೆ ಹೋಗುವುದು ನೀರೇ ಅಲ್ಲವೇ. ಈಗ ಬಾಯಿಗೆ ಹೋಗುವುದೆಲ್ಲ ಆ ನೀರೇ. ಕರೆಂಟ್ ಹೋಗುವ ಊರು ನಮ್ಮದು, ಆದ್ದರಿಂದ ರಾತ್ರಿಯೇ ಎರಡು ಸ್ಟೀಲ್ ಕೊಡ ತುಂಬಿ ಮುಚ್ಚಿಡುತ್ತೇವೆ.

ಚಿಂತೆ ಹಚ್ಚಿದ್ದು ಹೊರಹೋಗುವ ನೀರು. ಎರಡು ಬಕೆಟ್ ಇಟ್ಟು ಅಳೆದೆವು. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಪಕ್ಕದ ಪೈಪಿನಲ್ಲಿ ಹೋಗುತ್ತದೆ. ದಿನಕ್ಕೆ 60 ಲೀಟರ್. ನಮ್ಮ ಕಡೆ ಏಪ್ರಿಲ್‌ನಲ್ಲಿ ಕೊಡ ನೀರಿಗೆ ಜಗಳವಾಗುವುದನ್ನು ಬರೆಯುವವರು ನಾವೇ. ಆ ನೀರನ್ನು ಡ್ರಮ್ಮಿಗೆ ಹಿಡಿದು ಪಾತ್ರೆ, ನೆಲ, ಬಚ್ಚಲಿಗೆ ಬಳಸುತ್ತೇವೆ. ಅವ್ವ ಒಂದು ದಿನ ಅದನ್ನು ಪಕ್ಕದ ಮನೆಯ ಎಮ್ಮೆಗೆ ಇಡಲು ಹೋಗಿದ್ದಳು. ಓಡಿ ಹೋಗಿ ತಡೆದೆವು. ತೆಗೆದ ಫ್ಲೋರೈಡ್ ಎಲ್ಲ ಆ ನೀರಿನಲ್ಲೇ ಇರುತ್ತದೆ, ಲೆಕ್ಕ ಹಾಕಿದರೆ 2.7ರ ಹತ್ತಿರ. ದನಕರುಗಳ ಹಲ್ಲು, ಎಲುಬಿಗೂ ಫ್ಲೋರೈಡ್ ಹತ್ತುತ್ತದೆ.

ನಮ್ಮದನ್ನು ನೋಡಿ ಅವ್ವನಿಗೂ ಊರಲ್ಲಿ ಇಂಥದೇ ಒಂದು ಬೇಕು ಅನ್ನಿಸಿತು. ಅವಳ ಮನೆ ಸುರಪುರ ತಾಲ್ಲೂಕಿನಲ್ಲಿ, ನಲ್ಲಿಗೆ ಕೃಷ್ಣಾ ನೀರು ಬರುತ್ತದೆ. ಈ ಸಲ ಮೊದಲು ಬಾಟಲಿ ತುಂಬಿದೆವು. ಫ್ಲೋರೈಡ್ 0.4, ಟಿಡಿಎಸ್ 310. ಅಂಥ ನೀರಿಗೆ ಆರ್‌ಒ ಯಾಕೆ? ಇದ್ದ ಒಳ್ಳೆಯ ಲವಣವನ್ನೂ ತೆಗೆದು ಮುಕ್ಕಾಲು ಭಾಗ ನೀರು ಚರಂಡಿಗೆ ಬಿಟ್ಟ ಹಾಗೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ಬೇಡ ಅಂತ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಹೇಳಿತ್ತು.

ಹೊಳೆ ನೀರಿನ ಅಪಾಯ ಬೇರೆ. ಪೈಪು ಒಡೆದು ಚರಂಡಿ ಸೇರಿದರೆ ಒಂದೇ ದಿನದಲ್ಲಿ ಊರು ಮಲಗುತ್ತದೆ. 2023ರ ಫೆಬ್ರುವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ಜನ ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದ್ದು, ಸಾವುಗಳಾದದ್ದು ನಮ್ಮ ಜಿಲ್ಲೆಯವರಿಗೆ ನೆನಪಿದೆ. ಅವ್ವನಿಗೆ ಸ್ಟೀಲಿನ ಕ್ಯಾಂಡಲ್ ಫಿಲ್ಟರ್ ಕೊಡಿಸಿದೆವು, ಎರಡು ಕ್ಯಾಂಡಲ್‌ನದು, ಕರೆಂಟ್ ಬೇಡದ್ದು. ಸೋಸಿದ ನೀರನ್ನು ಮಳೆಗಾಲದಲ್ಲಿ ಗುಳ್ಳೆ ಎದ್ದು ಕುದಿಯುವವರೆಗೆ ಕಾಯಿಸಿ ಆರಿಸಿ ಕುಡಿ ಅಂತ ಹೇಳಿದ್ದೇವೆ. ವಾರಕ್ಕೊಮ್ಮೆ ಕ್ಯಾಂಡಲ್ ಬಿಚ್ಚಿ ಮೆತ್ತನೆ ಬ್ರಷ್‌ನಿಂದ ಬರೀ ನೀರಿನಲ್ಲಿ ಉಜ್ಜಬೇಕು, ಸೋಪು ಹಾಕಬಾರದು. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಬದಲಿಸಬೇಕು. ನಲ್ಲಿ ಬಾರದ ದಿನ ಎದುರಿನ ಬೋರಿನ ನೀರನ್ನು ಆ ಫಿಲ್ಟರಿಗೆ ಹಾಕಬೇಡ ಅಂತ ಮೂರು ಸಲ ಹೇಳಿದೆವು. "ನಿಮ್ಮ ಮನ್ಯಾಗ ಆರು ವರ್ಷ ಹಾಕಿದವರು ಯಾರು?" ಅಂತ ಕೇಳಿದಳು. ಉತ್ತರ ಕೊಡಲಿಲ್ಲ.

ಮಗಳ ಹಲ್ಲಿನ ಗೆರೆಗಳು ಹೋಗುವುದಿಲ್ಲ. ಹಲ್ಲು ದವಡೆಯೊಳಗೆ ತಯಾರಾಗುವಾಗಲೇ ಬಿದ್ದ ಗೆರೆ ಅದು. ದೊಡ್ಡವಳಾದ ಮೇಲೆ ಬೇಕಿದ್ದರೆ ಮೇಲೆ ಲೇಪ ಹಾಕಬಹುದು ಅಂದಿದ್ದಾರೆ ಡಾಕ್ಟರು. ಮಗನಿಗೆ ಈಗ 3 ವರ್ಷ. ಅವನ ಕಾಯಂ ಹಲ್ಲುಗಳು ಒಳಗೇ ಇವೆ, ಇನ್ನೂ ತಯಾರಾಗುತ್ತಿವೆ. ಅಂಗನವಾಡಿಗೆ ಹೋಗುವಾಗ ಅವನ ಬಾಟಲಿ ತುಂಬುವ ಕೆಲಸ ಮಗಳು ತಾನೇ ವಹಿಸಿಕೊಂಡಿದ್ದಾಳೆ. ನಿನ್ನೆ ಅವನು ಬಚ್ಚಲ ನಲ್ಲಿಗೆ ಬಾಯಿ ಹಚ್ಚಿ ನೀರು ಕುಡಿಯುತ್ತಿದ್ದ. ನಾವು ಏಳುವುದರೊಳಗೆ ಅವಳೇ ಹೋಗಿ ನಲ್ಲಿ ಬಂದ್ ಮಾಡಿ, ತನ್ನ ತುಟಿ ಎತ್ತಿ ಅವನಿಗೆ ಹಲ್ಲು ತೋರಿಸುತ್ತಿದ್ದಳು.